ಊರಂಚಿನ ಬಾಳು

ಪಟ್ಟಣವಾಸದ ಸುಖದುಃಖಗಳನ್ನು ಕುರಿತು ಬರೆದವರು ಅನೇಕರು. ಹಳ್ಳಿಯ ಜೀವನವನ್ನು ಕೊಂಡಾಡಿದವರು ಅದಕ್ಕಿಂತಲೂ ಹೆಚ್ಚು. ಇವೆರಡರ ನಡುವೆ, ಒಂದು ಕಾಲನ್ನು ಪೇಟೆಯಲ್ಲಿಯೂ ಇನ್ನೊಂದನ್ನು ಹೊಲದ ಬದುವಿನ ಮೇಲೂ ಇಟ್ಟು ಸಂಸಾರ ಮಾಡುವ ನಮ್ಮಂಥವರ ವಿಷಯವಾಗಿ ಮಾತನಾಡಿದವರು ಕಡಮೆ. ಹೊಸಲಿನ ಮೇಲೆ ನಿಲ್ಲಬಾರದೆಂದು ಮನೆಯ ಹಿರಿಯ ಹೆಂಗಸರು ಮಕ್ಕಳನ್ನು ಗದರಿಸುವುದುಂಟು. ಊರಿನ ಹೊಸಲಿನ ಮೇಲೆ 16 ವರ್ಷಗಳಿಂದ ನಿಂತಿರುವ ನಮಗೆ ಅಲ್ಲಿಂದ ಎರಡು ಕಡೆಯೂ ಕಾಣುತ್ತಿರುವುದರಿಂದ, ಕಂಡುದನ್ನು ನಾಲ್ಕು ಮಾತುಗಳಲ್ಲಿ ವಾಚಕರ ಮುಂದಿಡೋಣವೆಂದು ಈ ಲೇಖನಕ್ಕೆ ಕೈಹಾಕಿರುವೆವು.

ಬೆಂಗಳೂರಿಗೆ ವಾಯವ್ಯದಲ್ಲಿ ಹೆಸರಘಟ್ಟದ ಕೆರೆಯಿರುವ ದಿಕ್ಕಿನಲ್ಲಿ ನಮ್ಮ ಮನೆಯಿದೆ. ಮುಂಬಾಗಿಲು ತೆರೆದರೆ ಬಸ್ಸಿನ ರಸ್ತೆ. ಹಿತ್ತಲ ಬಾಗಿಲು ತೆರೆದರೆ ರಾಗಿಯ ಹೊಲ. ಇಂಥ ತಾವಿನಲ್ಲಿ ಜನ ಏಕೆ ಮನೆ ಕಟ್ಟುವರು, ಎಂದಿನಿಂದ ಕಟ್ಟುತ್ತ ಬಂದರು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೆಂಪೇಗೌಡರು 16ನೆಯ ಶತಮಾನದಲ್ಲಿ ಕಟ್ಟಿದ ಬೆಂಗಳೂರು ಒತ್ತೊತ್ತಾಗಿ ಬೆಳೆದ ಊರು. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಒಂದೊಂದು ಕಸಬಿಗೆ, ಒಂದೊಂದು ಸರಕಿಗೆ ಒಂದೊಂದು ಬೀದಿ. ಸುತ್ತಲೂ ಕೋಟೆ, ಆಚೆಗೆ ಕಂದಕ, ಅದರಾಚೆಗೆ ಮುಳ್ಳುಪೊದೆ. ಶತ್ರುವಿನ ಭಯವಿದ್ದ ಕಾಲದಲ್ಲಿ ಗೋಡೆಗೆ ಗೋಡೆ ತಾಗಿಸಿ ಬದುಕುವುದೇ ವಿವೇಕವಾಗಿತ್ತು. 1799ರ ಅನಂತರ ಆ ಭಯ ಹೋಯಿತು. ಕಾಲಕ್ರಮದಲ್ಲಿ ಗೋಡೆಯೂ ಹೋಯಿತು. ಆದರೂ ಜನ ಹೊರಗೆ ಬರಲಿಲ್ಲ. ಅಂಗಡಿಯ ಹಿಂದೆಯೇ ಅಡಿಗೆಮನೆ, ಅದರ ಪಕ್ಕದಲ್ಲಿಯೇ ಧಾನ್ಯದ ಮೂಟೆ, ಮೂಟೆಯ ಮಗ್ಗುಲಲ್ಲಿಯೇ ತೊಟ್ಟಿಲು. ತಾತನಿಂದ ಮೊಮ್ಮಗನವರೆಗೆ ಇದೇ ಕ್ರಮ. ಕಿಟಕಿಯಿಲ್ಲದ ನಡುಮನೆಯಲ್ಲಿ ಹಗಲಿನಲ್ಲಿಯೂ ದೀಪ ಹಚ್ಚಬೇಕಾಗುತ್ತಿದ್ದುದನ್ನು ನಮ್ಮ ಮುತ್ತಜ್ಜಿಯರ ಕಾಲದವರು ಕೊರತೆಯೆಂದೇ ಎಣಿಸಿರಲಿಲ್ಲ. ಬಳಕೆಯ ಬಲ ಅಷ್ಟು ದೊಡ್ಡದು.

ಪೇಟೆಯ ಇಕ್ಕಟ್ಟನ್ನು ಅರಿತ ಸರಕಾರದವರು ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1892ರ ಸುಮಾರಿಗೆ, ಊರಿನ ಹೊರಗೆ ಎರಡು ಹೊಸ ಬಡಾವಣೆಗಳಿಗೆ ಯೋಜನೆ ಹಾಕಿದರು. ಉತ್ತರದ್ದು ಮಲ್ಲೇಶ್ವರ, ದಕ್ಷಿಣದ್ದು ಬಸವನಗುಡಿ. ನೆಲವಿತ್ತು, ನಕ್ಷೆಯಿತ್ತು, ಜನರ ಮನಸ್ಸು ಮಾತ್ರ ಇನ್ನೂ ಪೇಟೆಯನ್ನು ಬಿಟ್ಟಿರಲಿಲ್ಲ. ಅದನ್ನು ಬಿಡಿಸಿದುದು ನಕ್ಷೆಯಲ್ಲ, ಮಾರಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ಹಾದಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ಮನೆಯೊಳಗೆ ಇಲಿ ಬಿದ್ದರೆ ಸಾಕು, ಒಲೆಯ ಮೇಲಿನ ಪಾತ್ರೆಯನ್ನು ಅಲ್ಲಿಯೇ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು, ಜನ ಬಯಲಿಗೆ ಓಡುವರು. ತೋಪುಗಳಲ್ಲಿ, ಹೊಲಗಳಲ್ಲಿ ತೆಂಗಿನ ಗರಿಯ ಷೆಡ್ಡುಗಳೆದ್ದವು. ಹಳೆಯ ಸಂಸಾರಗಳಲ್ಲಿ ‘ಷೆಡ್ಡಿನಲ್ಲಿದ್ದಾಗ’ ಎಂದು ಆರಂಭವಾಗುವ ಕಥೆಯಿಲ್ಲದ ಮನೆ ಕಡಮೆ. ಊರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪ್ಲೇಗಿನಮ್ಮನ ಗುಡಿಗಳು ಆ ದಿನಗಳ ಗುರುತು.

ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಹರಡುವುದೆಂದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕಂಡುಹಿಡಿದುದೂ ಅದೇ 1898ರಲ್ಲಿ. ಧಾನ್ಯವಿದ್ದಲ್ಲಿ ಇಲಿ, ಕತ್ತಲೆಯಿದ್ದಲ್ಲಿ ಅದರ ಬಿಲ. ಪೇಟೆಯ ಮನೆ ಎರಡನ್ನೂ ಒದಗಿಸಿತ್ತು. ಬಯಲಿನ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಕಳೆದ ಜನ ಒಂದು ಸಂಗತಿಯನ್ನು ಪುಸ್ತಕವಿಲ್ಲದೆ ಕಲಿತರು: ಗಾಳಿ, ಬೆಳಕು, ಬರಿಯ ನೆಲ, ಇವು ಬಡತನದ ಲಕ್ಷಣಗಳಲ್ಲ, ಆರೋಗ್ಯದ ಬಂಡವಾಳ. ಮಾರಿ ಅಡಗಿದ ಮೇಲೆ ಅನೇಕರು ಪೇಟೆಗೆ ಹಿಂತಿರುಗಿದರು; ಅನೇಕರು ಹೊಸ ಬಡಾವಣೆಯ ದಾರಿ ಹಿಡಿದರು. ಊರಂಚಿನ ವಾಸವೆಂಬುದು ನಮ್ಮಲ್ಲಿ ಶೋಕಿಯಿಂದ ಹುಟ್ಟಿದುದಲ್ಲ, ಪ್ರಾಣಭಯದಿಂದ ಹುಟ್ಟಿದುದು ಎಂಬುದನ್ನು ವಾಚಕರು ಗಮನಿಸಬೇಕು.

ಆ ಕಾಲದ ಮಲ್ಲೇಶ್ವರ ಬಸವನಗುಡಿಗಳನ್ನು ಇಂದಿನ ಕಣ್ಣಿನಿಂದ ನೋಡಬಾರದು. ಮಲ್ಲೇಶ್ವರವು ಕಾಡು ಮಲ್ಲೇಶ್ವರನ ಗುಡಿಯ ಸುತ್ತ ಹಬ್ಬಿದ ನೆಲ. ಶಿವಾಜಿಯ ತಮ್ಮನಾದ ಏಕೋಜಿ 1669ರಲ್ಲಿ ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ಉಂಬಳಿಯಾಗಿ ಬಿಟ್ಟುದನ್ನು ಹೇಳುವ ಶಾಸನವಿದೆ. ದೇವರ ಹೆಸರಿನಲ್ಲಿಯೇ ‘ಕಾಡು’ ಎಂಬ ಮಾತಿರುವುದನ್ನು ನೋಡಿದರೆ ತಾಣದ ಸ್ವರೂಪ ತಾನಾಗಿ ತಿಳಿಯುವುದು. ಬಸವನಗುಡಿಯಿರುವುದು ಸುಂಕೇನಹಳ್ಳಿಯ ನೆಲದ ಮೇಲೆ. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ನೆರೆಯುವ ಕಡಲೆಕಾಯಿ ಪರಿಷೆ, ಬಡಾವಣೆಗೆ ಬಂದವರು ಕಟ್ಟಿಕೊಂಡ ಉತ್ಸವವಲ್ಲ. ಸುತ್ತಿನ ಹಳ್ಳಿಗಳ ರೈತರು ತಮ್ಮ ಮೊದಲ ಬೆಳೆಯನ್ನು ಬಸವನಿಗೆ ಒಪ್ಪಿಸಲು ತಂದ ಉತ್ಸವ. ಹಳ್ಳಿಗಳು ಬೀದಿಗಳಾದವು, ಪರಿಷೆ ಮಾತ್ರ ಉಳಿಯಿತು.

ಆ ಬಡಾವಣೆಗಳನ್ನು ರೂಪಿಸಿದವರು ನೆಟ್ಟಗಿನ ಅಗಲವಾದ ರಸ್ತೆಗಳನ್ನೂ, ಮನೆಗಳ ಬೆನ್ನಿಗೆ ಕಸ ಸಾಗಿಸುವ ಗಲ್ಲಿಗಳನ್ನೂ, ಮನೆಯ ಸುತ್ತ ಗಿಡ ನೆಡುವಷ್ಟು ಬಯಲನ್ನೂ ಇಟ್ಟರು. ಸಂಪಿಗೆಯ ಹೆಸರಿನದೊಂದು ರಸ್ತೆ, ಬೇವಿನ ಹೆಸರಿನದೊಂದು ರಸ್ತೆ ಮಲ್ಲೇಶ್ವರದಲ್ಲಿ ಈಗಲೂ ಇವೆ. ಅರ್ಕಾವತಿಗೆ ಕಟ್ಟೆ ಕಟ್ಟಿ, 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ತಂದರು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದು ಊರಿನ ಬೀದಿಗಳಲ್ಲಿ ದೀಪ ಹೊತ್ತಿತು. ನೀರೂ ಬೆಳಕೂ ದೂರದಿಂದ ಬರುವ ವ್ಯವಸ್ಥೆಯಾದ ಮೇಲೆ ಊರಿನ ಹೊಟ್ಟೆಯೊಳಗೇ ಇರಬೇಕೆಂಬ ನಿರ್ಬಂಧ ತಪ್ಪಿತು. ಎಲ್ಲವೂ ಚೆನ್ನಾಗಿಯೇ ಇತ್ತೆಂದು ನಾವು ಹೇಳುವುದಿಲ್ಲ. ನಿವೇಶನಗಳನ್ನು ಜಾತಿಗೊಂದು ಪಾಲಾಗಿ ವಿಂಗಡಿಸಿದ್ದರು. ಪೇಟೆಯ ಗೋಡೆಯನ್ನು ಬಿಟ್ಟುಬಂದವರು ಮನಸ್ಸಿನ ಗೋಡೆಯನ್ನು ಜೊತೆಯಲ್ಲಿ ತಂದರು. ಊರಂಚಿನ ಗಾಳಿಗೆ ಅದನ್ನೂ ಕೆಡಹುವ ಬಲವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಇಂಥ ಹಂಬಲ ನಮ್ಮ ನಾಡಿನದು ಮಾತ್ರವಲ್ಲ. ಅದೇ 1898ರಲ್ಲಿ ಇಂಗ್ಲೆಂಡಿನ ಎಬನೀಜರ್ ಹೋವರ್ಡ್ ಎಂಬಾತನು ಪಟ್ಟಣದ ಅನುಕೂಲವನ್ನೂ ಹಳ್ಳಿಯ ಹಸಿರನ್ನೂ ಒಂದೆಡೆ ಸೇರಿಸುವ ಉದ್ಯಾನನಗರದ ಕಲ್ಪನೆಯನ್ನು ಪುಸ್ತಕವಾಗಿ ಬರೆದನು. 1903ರಲ್ಲಿ ಲೆಚ್‌ವರ್ತ್ ಎಂಬ ಊರು ಆ ಕಲ್ಪನೆಯಂತೆ ಆರಂಭವಾಯಿತು. ಅವನ ಯೋಜನೆಯಲ್ಲಿ ಒಂದು ಮುಖ್ಯವಾದ ಕಟ್ಟುಪಾಡಿದ್ದಿತು. ಊರಿನ ಸುತ್ತ ಕೃಷಿಯ ನೆಲದ ಒಂದು ಪಟ್ಟಿ ಶಾಶ್ವತವಾಗಿರಬೇಕು. ಊರು ಬೆಳೆದರೆ ಆ ಪಟ್ಟಿಯನ್ನು ನುಂಗದೆ, ಅದರಾಚೆಗೆ ಬೇರೊಂದು ಊರಾಗಿ ಬೆಳೆಯಬೇಕು. ನಮ್ಮ ಬಡಾವಣೆಗಳಲ್ಲಿ ಮರಗಳಿದ್ದುವು, ಮೈದಾನಗಳಿದ್ದುವು. ಈ ಕಟ್ಟುಪಾಡು ಮಾತ್ರ ಇರಲಿಲ್ಲ. ಅದರ ಫಲವನ್ನು ಮುಂದೆ ಹೇಳುವೆವು.

ವೈಟ್‌ಫೀಲ್ಡಿನ ಕಥೆ ಇನ್ನೂ ಸ್ಪಷ್ಟವಾದುದು. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ನೆಲವನ್ನು ದಯಪಾಲಿಸಿದರು. ಸಂಘದ ಮುಂದಾಳಾಗಿದ್ದ ವೈಟ್ ಎಂಬವರ ಹೆಸರಿನಿಂದಲೇ ಊರಿಗೆ ಆ ಹೆಸರು. ನೌಕರಿಯ ಆಸೆಯನ್ನು ಬಿಟ್ಟು, ನೆಲವನ್ನುತ್ತು ಸ್ವತಂತ್ರವಾಗಿ ಬಾಳಬೇಕೆಂಬುದು ಅವರ ಸಂಕಲ್ಪ. ಊರ ನಡುವೆ ದುಂಡನೆಯ ಬಯಲು, ಅದರ ಸುತ್ತ ಬಳೆಯಂಥ ರಸ್ತೆ, ತೋಟದ ನಡುವೆ ಒಂದೊಂದು ಮನೆ. ನೂರು ವರ್ಷಕ್ಕೂ ಮೇಲ್ಪಟ್ಟು ಅದು ಹಣ್ಣಿನ ಗಿಡಗಳ ನೆರಳಿನಲ್ಲಿ ನಿಶ್ಚಿಂತವಾಗಿದ್ದಿತು. 1990ರ ದಶಕದ ಕೊನೆಗೆ ಸಮೀಪದಲ್ಲಿಯೇ ತಂತ್ರಜ್ಞಾನದ ಕಟ್ಟಡಗಳೆದ್ದು, 25 ವರ್ಷಗಳೊಳಗೆ ಗುರುತು ಸಿಗದಂತಾಯಿತು. 2023ರಲ್ಲಿ ಮೆಟ್ರೋ ರೈಲೂ ಅಲ್ಲಿಗೆ ಹೋಯಿತು. ಉಳುವುದಕ್ಕಾಗಿ ಕಟ್ಟಿದ ಊರಿನಲ್ಲಿ ಈಗ ನೇಗಿಲನ್ನು ಹುಡುಕಬೇಕು.

ಇನ್ನು ನಮ್ಮ ವಿಷಯ. ನಮ್ಮ ಮನೆಯವರು ಪಟ್ಟಣದ ನಡುವಿನ ಬಾಡಿಗೆ ಮನೆಯನ್ನು ಬಿಟ್ಟು ಈ ಕಡೆಗೆ ಬಂದಾಗ ನೆಂಟರಿಷ್ಟರು ಒಬ್ಬೊಬ್ಬರೂ ಒಂದೊಂದು ಕಷ್ಟವನ್ನು ಮುನ್ಸೂಚಿಸಿದರು. ಅವುಗಳಲ್ಲಿ ಹಲವು ನಿಜವಾದುವೆಂದು ಒಪ್ಪಲೇಬೇಕು. ರಾತ್ರಿ ಮಗುವಿಗೆ ಜ್ವರ ಬಂದರೆ ವೈದ್ಯರ ಮನೆ ದೂರ. ಕಡೆಯ ಬಸ್ಸು ತಪ್ಪಿದರೆ ಆಟೋದವನು ಕೇಳಿದಷ್ಟು ಕೊಡಬೇಕು. ಗಾಳಿಮಳೆ ಬಂದರೆ ಮೊದಲು ಆರುವುದು ನಮ್ಮ ದೀಪವೇ. ಮಳೆಗಾಲದಲ್ಲಿ ಸೌದೆಯ ರಾಶಿಯ ಕೆಳಗೆ ಹಾವು ಮಲಗಿರುವುದುಂಟು. ಕೋಲಿನಿಂದ ತಟ್ಟಿದ ಮೇಲೆಯೇ ಕೈಯಿಡಬೇಕೆಂಬುದನ್ನು ನಮ್ಮ ಮಕ್ಕಳು ಅಕ್ಷರಾಭ್ಯಾಸದ ಜೊತೆಯಲ್ಲಿಯೇ ಕಲಿತರು.

ಆದರೆ ದೊರೆತುದೇನು? ಮೊದಲನೆಯದಾಗಿ ಋತುಗಳು. ಪಟ್ಟಣದಲ್ಲಿದ್ದಾಗ ನಮಗೆ ಇದ್ದುದು ಸೆಖೆ, ಮಳೆ, ಚಳಿ ಎಂಬ ಮೂರೇ. ಇಲ್ಲಿ ತಿಂಗಳಿಗೊಂದು ಮುಖ. ಆಷಾಢದ ಗಾಳಿಯ ಹಿಂದೆಯೇ ರಾಗಿಯ ಬಿತ್ತನೆ. ಸಾಲಿನ ನಡುವೆ ಅವರೆ, ಜೋಳ, ಸಾಸಿವೆಗಳ ಅಕ್ಕಡಿ. ದೀಪಾವಳಿಯ ಹೊತ್ತಿಗೆ ತೆನೆ ಬಾಗುವುದು. ಮಾರ್ಗಶಿರದ ಮಂಜಿನಲ್ಲಿ ಸೊಗಡವರೆಯ ವಾಸನೆ ಬೀದಿಗೆಲ್ಲ ಹರಡಿ, ಮನೆಮನೆಯ ಹೆಂಗಸರೂ ಜಗಲಿಯ ಮೇಲೆ ಕುಳಿತು ಹಿತಕಿದ ಬೇಳೆಯನ್ನು ಗುಡ್ಡೆ ಹಾಕುವರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಲು ಪಟ್ಟಣದ ಮೊಮ್ಮಕ್ಕಳು ಹಟ ಮಾಡಿ ಬರುವರು. ಚಳಿಗಾಲದಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಉತ್ತರ ದೇಶಗಳಿಂದ ಸೆಳೆವ ಜಾತಿಯ ಹಕ್ಕಿಗಳು ಬಂದು, ನೆಲಕ್ಕೆ ತಾಗಿದಂತೆ ತೇಲುತ್ತ ಬೇಟೆಯಾಡುವುವು.

ಎರಡನೆಯದಾಗಿ ಅಡಿಗೆಮನೆ. ಗೃಹಿಣಿಯರು ಇದನ್ನು ವಿಶೇಷವಾಗಿ ಮೆಚ್ಚುವರು. ನಮ್ಮ ಹಿತ್ತಲು 60 ಅಡಿ ಉದ್ದ, 20 ಅಡಿ ಅಗಲ. ಅಷ್ಟರಲ್ಲಿಯೇ ಒಂದು ನುಗ್ಗೆ, ಒಂದು ಕರಿಬೇವು, ಎರಡು ಪರಂಗಿ, ನಾಲ್ಕು ಬಾಳೆ, ಬಚ್ಚಲ ನೀರು ಹೋಗುವಲ್ಲಿ ಕೆಸುವಿನ ಮಡಿ, ಗೋಡೆಯ ಮಗ್ಗುಲಲ್ಲಿ ದೊಡ್ಡಪತ್ರೆ. ಮಳೆ ಬಿದ್ದ ವಾರದಲ್ಲಿ ಹೊನಗೊನ್ನೆ, ಅಣ್ಣೆ ಮೊದಲಾದ ಸೊಪ್ಪುಗಳು ಯಾರೂ ಬಿತ್ತದೆಯೇ ಬದುವಿನ ಮೇಲೆ ಏಳುವುವು. ಯಾವುದನ್ನು ಕೊಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಮ್ಮ ಮನೆಯವರಿಗೆ ಕಲಿಸಿದವರು ಪಕ್ಕದ ಹೊಲದ ಅಜ್ಜಿ. ಬಸ್ಸಾರಿನ ರುಚಿ ಕಟ್ಟು ಬಸಿಯುವುದರಲ್ಲಲ್ಲ, ಸೊಪ್ಪು ಬೆರೆಸುವುದರಲ್ಲಿದೆ ಎಂಬುದು ಆಕೆಯ ಸಿದ್ಧಾಂತ.

ಮೂರನೆಯದು ನೆರೆಹೊರೆ. ಹಳ್ಳಿಯಲ್ಲಿ ಎಲ್ಲರೂ ಎಲ್ಲರ ವಿಷಯವನ್ನೂ ಬಲ್ಲರು. ಪಟ್ಟಣದಲ್ಲಿ ಮೇಲಿನ ಅಂತಸ್ತಿನವರು ಸತ್ತರೂ ಕೆಳಗಿನವರಿಗೆ ತಿಳಿಯದು. ಊರಂಚಿನಲ್ಲಿ ಎರಡರ ನಡುವಣ ಒಂದು ಹದವುಂಟು. ನಮ್ಮ ಮಗಳ ಪರೀಕ್ಷೆಯ ಫಲವನ್ನು ಹಾಲಿನವರು ಕೇಳುವರು; ಅವರ ಹಸು ಈಯುವ ದಿನವನ್ನು ನಾವು ಕೇಳುವೆವು. ಅರ್ಜಿಯನ್ನೋ ಬ್ಯಾಂಕಿನ ಕಾಗದವನ್ನೋ ಓದಿಸಿಕೊಳ್ಳಲು ಅವರು ನಮ್ಮ ಜಗಲಿಗೆ ಬಂದರೆ, ಮಳೆ ಯಾವಾಗ ಬರುವುದೆಂದು ಕೇಳಲು ನಾವು ಅವರ ಕಣಕ್ಕೆ ಹೋಗುವೆವು.

ಈ ಸುಖವೆಲ್ಲವೂ ನಮ್ಮ ಕೈಯಲ್ಲಿಲ್ಲದ ಒಂದು ವಸ್ತುವಿನ ಮೇಲೆ ನಿಂತಿದೆ. ಅದು ಪಕ್ಕದವರ ಹೊಲ. ಊರಂಚಿನ ವಾಸದ ಒಳಗುಟ್ಟೂ ಇದೇ, ಒಳಹುಣ್ಣೂ ಇದೇ. ನಾವು ಹಣ ಕೊಟ್ಟು ಕೊಂಡುದು ಒಂದು ನಿವೇಶನ; ಅನುಭವಿಸುತ್ತಿರುವುದು ಎಕರೆಗಟ್ಟಲೆ ಹಸಿರು. ಆ ಹಸಿರಿನ ಬೆಲೆಯನ್ನು ತೆರುತ್ತಿರುವವರು ಬೇರೆಯವರು. ಒಬ್ಬೊಬ್ಬರೇ ಅಂಚಿಗೆ ಬಂದಂತೆ ಅಂಚು ಮುಂದಕ್ಕೆ ಸರಿಯುವುದು. ಮೊದಲು ಬಂದವರು, ಇದ್ದಲ್ಲಿಯೇ ಇದ್ದು, ನಡುಪಟ್ಟಣದವರಾಗುವರು. ಮಲ್ಲೇಶ್ವರದವರು ಹಾಗಾದರು, ಬಸವನಗುಡಿಯವರು ಹಾಗಾದರು. 1948ರಲ್ಲಿ ಆರಂಭವಾದ ಜಯನಗರದವರೂ ಹಾಗೆಯೇ ಆದರು. ಕೆರೆಗಳ ಗತಿಯೂ ಇದೇ: ಧರ್ಮಾಂಬುಧಿ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕ್ರೀಡಾಂಗಣವಾಯಿತು. ಹೋವರ್ಡನ ಕಟ್ಟುಪಾಡು ನಮ್ಮಲ್ಲಿಲ್ಲದುದರ ಫಲವೆಂದು ಮೇಲೆ ಸೂಚಿಸಿದುದು ಇದನ್ನೇ.

ನಮ್ಮ ಹಿತ್ತಲಾಚೆಯ ಹೊಲ ಆ ಅಜ್ಜಿಯದು. ಎರಡೆಕರೆ ಹತ್ತು ಗುಂಟೆ. ಹೋದ ವರ್ಷ ಕೊಯ್ಲು ಮುಗಿದೊಡನೆ ನಿವೇಶನ ಮಾಡಿ ಮಾರುವವರು ಬಂದು ಅಳೆದು ನೋಡಿಕೊಂಡು ಹೋದರು. ಆಕೆಯ ಮಗನಿಗೆ ಮಾರುವ ಮನಸ್ಸು, ಆಕೆಗಿಲ್ಲ. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಇಬ್ಬರೂ ವಾದಿಸಿದರು.

“ದುಡ್ಡು ಒಂದ್ ಕಿತ ಬತ್ತದೆ ಕಣಪ್ಪಾ, ರಾಗಿ ವರ್ಸ ವರ್ಸಾನೂ ಬತ್ತದೆ” ಎಂದಳು ಆಕೆ.

“ಬತ್ತದೆ ಕಣವ್ವಾ, ಆದ್ರೆ ಮಗೀನ ಕಾಲೇಜಿನ ಫೀಜಿಗೆ ರಾಗಿ ಈಸ್ಕಳಾಕಿಲ್ವಲ್ಲ” ಎಂದನು ಮಗ.

ಇಬ್ಬರದೂ ನ್ಯಾಯವೇ. ನಮ್ಮ ಕಿಟಕಿಯ ನೋಟಕ್ಕಾಗಿ ಅವನು ತನ್ನ ಮಗಳ ಓದನ್ನು ನಿಲ್ಲಿಸಬೇಕೆಂದು ಹೇಳುವ ಬಾಯಿ ಯಾರಿಗಿದೆ? ರಾಗಿಯಿಂದ ಬರುವ ಆದಾಯ ಎಷ್ಟೆಂಬುದನ್ನು ಅವನು ಬೆರಳು ಮಡಿಸಿ ಲೆಕ್ಕ ಹೇಳಿದಾಗ ನಾವು ಸುಮ್ಮನಾದೆವು. ಕೊಳವೆಬಾವಿಗಳು ಸಾವಿರ ಅಡಿ ಮೀರಿದರೂ ನೀರು ಕಾಣದ ನೆಲದಲ್ಲಿ ಮಳೆಯನ್ನೇ ನಂಬಿದ ಬೇಸಾಯ ಅದು. 2022ರ ಮಳೆಗಾಲದಲ್ಲಿ ಬಹುಕಾಲದ ಮೇಲೆ ಹೆಸರಘಟ್ಟದ ಕೆರೆ ತುಂಬಿದಾಗ, ಒಂದು ಕಾಲದಲ್ಲಿ ಬೆಂಗಳೂರಿಗೇ ನೀರು ಕುಡಿಸಿದ ಕೆರೆಯನ್ನು ನೋಡಲು ಜನ ಜಾತ್ರೆಯಂತೆ ಹೋದರು. ಅಜ್ಜಿಯೂ ಹೋಗಿ ಬಾಗಿನ ಬಿಟ್ಟು ಬಂದಳು. ಕೆರೆ ತುಂಬುವುದು ಎಷ್ಟು ಅಪರೂಪವಾಗಿದೆಯೆಂಬುದು ಆ ಸಡಗರದಿಂದಲೇ ತಿಳಿಯುವುದು.

ಆದುದರಿಂದ ನಮ್ಮ ಬೀದಿಯ ಏಳು ಮನೆಯವರು ಕುಳಿತು ಆಲೋಚಿಸಿದೆವು. ಹೊಲ ಉಳಿಯಲೆಂದು ಹಾರೈಸುವವರು ಅದರ ಖರ್ಚಿನಲ್ಲಿ ಭಾಗಿಗಳಾಗಬೇಕೆಂಬುದು ಎಲ್ಲರಿಗೂ ಒಪ್ಪಿಗೆಯಾಯಿತು. ಬಿತ್ತನೆಯ ಕಾಲದಲ್ಲಿಯೇ ವರ್ಷದ ರಾಗಿ, ಅವರೆ, ಹುರುಳಿಗಳಿಗೆ ಪೇಟೆಯ ಚಿಲ್ಲರೆ ಬೆಲೆಯನ್ನು ಲೆಕ್ಕಹಾಕಿ ಮುಂಗಡ ಕೊಡುವುದು. ಮಳೆ ಕೈಕೊಟ್ಟರೆ ಹಣವನ್ನು ಹಿಂದಕ್ಕೆ ಕೇಳದಿರುವುದು. ಹಾಲನ್ನು ಆಕೆಯಿಂದಲೇ ಕೊಳ್ಳುವುದು. ನಮ್ಮ ಮಾಳಿಗೆಗಳ ಮಳೆನೀರನ್ನು ಚರಂಡಿಗೆ ಬಿಡದೆ ಆಕೆಯ ಹಳೆಯ ತೆರೆದ ಬಾವಿಗೆ ತಿರುಗಿಸುವುದು. ಕಸವನ್ನು ಬದುವಿನ ಮೇಲೆ ಯಾರೂ ಎಸೆಯದಂತೆ ನೋಡಿಕೊಳ್ಳುವುದು. ಇವು ಐದು ಮಾತುಗಳು. ಮಗನು ಎಲ್ಲವನ್ನೂ ಕೇಳಿ, ತಲೆ ಕೆರೆದುಕೊಂಡು, “ಒಂದ್ ಎಕರೆಗೆ ಆಯ್ತು ಸ್ವಾಮಿ, ಇನ್ನೊಂದಕ್ಕೆ ನಾನು ಮಾತು ಕೊಡಾಕಿಲ್ಲ” ಎಂದನು. ಅದು ಪ್ರಾಮಾಣಿಕನ ಮಾತು, ನಾವು ಒಪ್ಪಿದೆವು.

ಇಷ್ಟರಿಂದ ಊರಂಚು ಉಳಿದುಬಿಡುವುದೆಂಬ ಭ್ರಾಂತಿ ನಮಗಿಲ್ಲ. ಏಳು ಮನೆಗಳ ಮುಂಗಡ ಹಣ ನಿವೇಶನದ ಬೆಲೆಯ ಮುಂದೆ ಆನೆಯ ಮುಂದೆ ಇರುವೆ. ಹೊಲವನ್ನು ಹೊಲವಾಗಿಯೇ ಉಳಿಸಿಕೊಂಡವನಿಗೆ ಮಾರಿದವನಷ್ಟೇ ನೆಮ್ಮದಿ ದೊರೆಯುವಂತೆ ಸರಕಾರವೂ ಊರಿನವರೂ ಸೇರಿ ಏರ್ಪಾಡು ಮಾಡುವವರೆಗೆ, ಬೇಸಾಯಗಾರನೊಬ್ಬನ ಹೆಗಲ ಮೇಲೆ ಇಡೀ ಪಟ್ಟಣದ ಗಾಳಿಯ ಭಾರವನ್ನು ಹೊರಿಸುವುದು ಅನ್ಯಾಯ. ಆದರೆ ಏರ್ಪಾಡು ಬರಲೆಂದು ಕೈಕಟ್ಟಿ ಕುಳಿತರೆ ಅಷ್ಟರಲ್ಲಿ ಬದುವೇ ಇರುವುದಿಲ್ಲ. ಊರಂಚಿಗೆ ಬರಬೇಕೆಂದಿರುವ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೆ: ನಿವೇಶನವನ್ನು ನೋಡಲು ಹೋದಾಗ ರಸ್ತೆಯ ಅಗಲವನ್ನೂ ಖಾತೆಯ ಕಾಗದವನ್ನೂ ನೋಡುವಂತೆ, ಪಕ್ಕದ ಹೊಲದವರು ಯಾರು, ಅವರ ಸಂಸಾರ ಹೇಗೆ ನಡೆಯುತ್ತಿದೆ ಎಂಬುದನ್ನೂ ಕೇಳಿಕೊಳ್ಳಿರಿ. ನಿಮ್ಮ ಮುಂದಿನ ಸುಖದ ಅರ್ಧ ಪಾಲು ಅವರ ಮನೆಯಲ್ಲಿದೆ.

ಈ ವರ್ಷ ಒಂದು ಎಕರೆಯಲ್ಲಿ ರಾಗಿ ಬಿದ್ದಿದೆ, ಸಾಲಿನ ನಡುವೆ ಅವರೆ ಚಿಗುರಿದೆ. ಇನ್ನೊಂದು ಎಕರೆ ಹತ್ತು ಗುಂಟೆ ಬೀಳಾಗಿದೆ. ಅಳತೆಯವರು ನೆಟ್ಟುಹೋದ ಕಲ್ಲುಗಳು ಅದರಲ್ಲಿವೆ. ಅಜ್ಜಿ ಆ ಕಲ್ಲುಗಳಲ್ಲಿ ಎರಡಕ್ಕೆ ಹಗ್ಗ ಬಿಗಿದು ಕರುಗಳನ್ನು ಕಟ್ಟಿರುವಳು.